ಹಲವು ರೋಧಕ, ಹಲವು ಬ್ಯಾಟರಿ ಇರುವ ಸರ್ಕಿಟ್‌ನಲ್ಲಿ ಪ್ರತಿ ಶಾಖೆಯ ಕರೆಂಟ್ ಕಂಡುಹಿಡಿಯುವುದು ಹೇಗೆ?

ಒಂದೇ ಬ್ಯಾಟರಿ ಇದ್ದರೆ ಲೆಕ್ಕ ಸಲೀಸು. ಸರಣಿಯಲ್ಲಿರುವ ರೋಧಕಗಳನ್ನು ಕೂಡಿಸುತ್ತೀರಿ. ಸಮಾಂತರದಲ್ಲಿರುವುದನ್ನು ಒಂದಾಗಿಸುತ್ತೀರಿ. ಕೊನೆಗೆ ಒಂದೇ ರೋಧಕ ಉಳಿಯುತ್ತದೆ, ಓಮ್ ನಿಯಮ (ವೋಲ್ಟೇಜ್ = ಕರೆಂಟ್ × ರೋಧ) ಹಾಕಿದರೆ ಮುಗಿಯಿತು. ಅದೇ ಸರ್ಕಿಟ್‌ಗೆ ಎರಡನೇ ಬ್ಯಾಟರಿ ಸೇರಿಸಿ ನೋಡಿ. ಯಾವುದು ಯಾವುದಕ್ಕೆ ಸಮಾಂತರ ಎಂದು ಹೇಳುವುದೇ ಕಷ್ಟವಾಗುತ್ತದೆ. ಕರೆಂಟ್ ಯಾವ ಕಡೆಗೆ ಹರಿಯುತ್ತಿದೆ ಅನ್ನೋದೂ ಚಿತ್ರ ನೋಡಿದರೆ ಗೊತ್ತಾಗುವುದಿಲ್ಲ.

ಇಲ್ಲಿ ಹೆಚ್ಚಿನವರು ಎಡವುವುದು ಗಣಿತದಲ್ಲಿ ಅಲ್ಲ. ಎರಡು ಮೂರು ಸಮೀಕರಣ ಬಿಡಿಸುವುದು ಹೈಸ್ಕೂಲಿನಲ್ಲೇ ಕಲಿತಿರುವ ವಿಷಯ. ಎಡವುವುದು ಪ್ಲಸ್ ಮೈನಸ್‌ನಲ್ಲಿ. ಅದಕ್ಕೇ ಈ ಬರಹದಲ್ಲಿ ಬಾಣ ಹಾಕುವುದರ ಬಗ್ಗೆ ಜಾಸ್ತಿ ಹೇಳುತ್ತೇನೆ. ಬಾಣ ಸರಿಯಾಗಿ ಹಾಕಿ, ಕೊನೆಯವರೆಗೂ ಅದನ್ನು ಬದಲಿಸದೆ ಇದ್ದರೆ, ಎಂಥ ಸರ್ಕಿಟ್ ಆದರೂ ಉತ್ತರ ಕೊಡುತ್ತದೆ.

ಒಂದು ಪೇಪರ್, ಪೆನ್ಸಿಲ್ ತೆಗೆದುಕೊಳ್ಳಿ. ಜೊತೆಜೊತೆಗೇ ಬರೆಯುತ್ತಾ ಹೋಗಿ.

ನಮ್ಮ ಸರ್ಕಿಟ್

ಪೇಪರಿನ ಮೇಲ್ಭಾಗದಲ್ಲಿ ಒಂದು ಅಡ್ಡ ತಂತಿ, ಕೆಳಭಾಗದಲ್ಲಿ ಇನ್ನೊಂದು ಅಡ್ಡ ತಂತಿ ಎಳೆಯಿರಿ. ಮೇಲಿನದಕ್ಕೆ ‘ಅ’ ಎಂದು ಹೆಸರಿಡಿ, ಕೆಳಗಿನದಕ್ಕೆ ‘ಬ’. ಈಗ ಇವೆರಡರ ನಡುವೆ ಮೂರು ಶಾಖೆಗಳನ್ನು ಇಳಿಸಿ.

ಎಡಗಡೆ ಶಾಖೆಯಲ್ಲಿ 21 ವೋಲ್ಟ್ ಬ್ಯಾಟರಿ, ಅದರ ಜೊತೆ ಸರಣಿಯಲ್ಲಿ 3 ಓಮ್ ರೋಧಕ. ಬ್ಯಾಟರಿಯ ಪ್ಲಸ್ ಮೇಲ್ಮುಖವಾಗಿರಲಿ.

ಬಲಗಡೆ ಶಾಖೆಯಲ್ಲಿ 10 ವೋಲ್ಟ್ ಬ್ಯಾಟರಿ, ಜೊತೆಗೆ 2 ಓಮ್ ರೋಧಕ. ಇದರ ಪ್ಲಸ್ ಕೂಡ ಮೇಲಕ್ಕೇ.

ನಡುವಿನ ಶಾಖೆಯಲ್ಲಿ ಬರೀ 6 ಓಮ್ ರೋಧಕ.

ನೋಡಿದ ತಕ್ಷಣ 3 ಓಮ್, 6 ಓಮ್, 2 ಓಮ್ ಮೂರೂ ಸಮಾಂತರ ಅನಿಸುತ್ತದೆ, ಅಲ್ವಾ? ಅಲ್ಲ. ಎರಡು ರೋಧಕಗಳು ಸಮಾಂತರವಾಗಬೇಕಾದರೆ ಅವುಗಳ ಎರಡೂ ತುದಿಗಳು ನೇರವಾಗಿ ಒಂದೇ ಜೋಡಿ ಬಿಂದುಗಳಿಗೆ ಸೇರಿರಬೇಕು. 3 ಓಮ್‌ನ ಒಂದು ತುದಿ ‘ಅ’ದಲ್ಲಿದೆ, ನಿಜ. ಆದರೆ ಇನ್ನೊಂದು ತುದಿ ‘ಬ’ದಲ್ಲಿಲ್ಲ, ಬ್ಯಾಟರಿಯ ಪ್ಲಸ್‌ನಲ್ಲಿದೆ. ಹಾಗಾಗಿ ಸರಣಿ-ಸಮಾಂತರದ ಸೂತ್ರ ಇಲ್ಲಿ ನಡೆಯುವುದಿಲ್ಲ. ಒಂದೇ ಬ್ಯಾಟರಿ ಇದ್ದರೂ ಕೆಲವು ಸರ್ಕಿಟ್‌ಗಳಲ್ಲಿ ಅದು ನಡೆಯುವುದಿಲ್ಲ. ಸಮತೋಲನದಲ್ಲಿಲ್ಲದ ವ್ಹೀಟ್‌ಸ್ಟನ್ ಬ್ರಿಡ್ಜ್ (ನಾಲ್ಕು ರೋಧಕಗಳ ಚೌಕ, ನಡುವೆ ಅಡ್ಡಲಾಗಿ ಐದನೆಯದು, ಅದರಲ್ಲೂ ಕರೆಂಟ್ ಹರಿಯುತ್ತಿರುತ್ತದೆ) ಅಂಥದ್ದೇ ಒಂದು. ಅದರಲ್ಲಿ ಯಾವ ಎರಡು ರೋಧಕಗಳೂ ಸರಣಿಯಲ್ಲಿಲ್ಲ, ಸಮಾಂತರದಲ್ಲೂ ಇಲ್ಲ.

ಮೊದಲ ಹೆಜ್ಜೆ: ನೋಡ್, ಶಾಖೆ ಎಣಿಸಿ

ಮೂರು ಅಥವಾ ಹೆಚ್ಚು ದಾರಿಗಳು ಕೂಡುವ ಜಾಗ ನೋಡ್. ಎರಡು ನೋಡ್‌ಗಳ ನಡುವಿನ ಒಂದು ದಾರಿ ಶಾಖೆ. ಆ ದಾರಿಯಲ್ಲಿ ಎಷ್ಟು ವಸ್ತುಗಳಿದ್ದರೂ ಅದು ಒಂದೇ ಶಾಖೆ, ಯಾಕೆಂದರೆ ಎಲ್ಲದರಲ್ಲೂ ಹರಿಯುವುದು ಒಂದೇ ಕರೆಂಟ್. ಹೊರಟ ಜಾಗಕ್ಕೇ ಮರಳಿ ಬರುವ ಸುತ್ತು ಲೂಪ್.

ಒಂದು ಎಚ್ಚರ. ನೋಡ್ ಅಂದರೆ ಚುಕ್ಕಿ ಮಾತ್ರ ಅಲ್ಲ. ನಡುವೆ ರೋಧಕವಾಗಲಿ ಬ್ಯಾಟರಿಯಾಗಲಿ ಇಲ್ಲದೆ ಬರೀ ತಂತಿಯಿಂದ ಸೇರಿದ್ದೆಲ್ಲ ಒಂದೇ ನೋಡ್. ಚಿತ್ರದಲ್ಲಿ ಮೇಲಿನ ತಂತಿಯ ಮೇಲೆ ಮೂರು ಚುಕ್ಕಿ ಕಂಡರೂ ಅದು ಒಂದೇ ‘ಅ’. ದೊಡ್ಡ ಸರ್ಕಿಟ್ ಇದ್ದಾಗ ಪ್ರತಿ ನೋಡ್‌ಗೆ ಒಂದೊಂದು ಬಣ್ಣದ ಪೆನ್ಸಿಲ್ ಹಿಡಿದು ತಂತಿಯ ಉದ್ದಕ್ಕೂ ಬಣ್ಣ ಬಳಿಯುವುದು ನನ್ನ ರೂಢಿ. ಎರಡು ನಿಮಿಷದ ಕೆಲಸ, ಅರ್ಧ ತಪ್ಪುಗಳು ಅಲ್ಲೇ ನಿಲ್ಲುತ್ತವೆ.

ನಮ್ಮ ಸರ್ಕಿಟ್‌ನಲ್ಲಿ ನೋಡ್ 2, ಶಾಖೆ 3. ಗೊತ್ತಿಲ್ಲದ ಕರೆಂಟ್ ಮೂರು, ಹಾಗಾಗಿ ಮೂರು ಸಮೀಕರಣ ಬೇಕು. ಎಲ್ಲಿಂದ ಎಷ್ಟು ಬರುತ್ತದೆ ಅನ್ನೋದಕ್ಕೆ ಲೆಕ್ಕ ಇದೆ. ನೋಡ್‌ಗಳ ಸಂಖ್ಯೆಗಿಂತ ಒಂದು ಕಡಿಮೆ ಸಮೀಕರಣ ನೋಡ್‌ಗಳಿಂದ ಬರುತ್ತದೆ. ಮಿಕ್ಕಿದ್ದು ಲೂಪ್‌ಗಳಿಂದ. ಇಲ್ಲಿ ನೋಡ್‌ನಿಂದ 1, ಲೂಪ್‌ನಿಂದ 2.

ನೋಡ್‌ನಿಂದ ಯಾಕೆ ಒಂದು ಕಡಿಮೆ? ‘ಅ’ಕ್ಕೆ ಸಮೀಕರಣ ಬರೆದ ಮೇಲೆ ‘ಬ’ಕ್ಕೂ ಬರೆದು ನೋಡಿ. ಅದೇ ಸಮೀಕರಣ ತಿರುಗುಮುರುಗಾಗಿ ಬರುತ್ತದೆ, ಹೊಸ ವಿಷಯ ಏನೂ ಸಿಗುವುದಿಲ್ಲ. ಲೆಕ್ಕ ಮಾಡುತ್ತಾ ಹೋಗಿ ಕೊನೆಗೆ 0 = 0 ಅಂತ ಬಂದರೆ ಇದೇ ಆಗಿರುತ್ತದೆ: ಒಂದೇ ಮಾತನ್ನು ಎರಡು ಸಲ ಬರೆದಿದ್ದೀರಿ.

ಎರಡನೇ ಹೆಜ್ಜೆ: ಬಾಣ ಹಾಕಿ, ಆಮೇಲೆ ಮುಟ್ಟಬೇಡಿ

ಪ್ರತಿ ಶಾಖೆಗೂ ಒಂದು ಬಾಣ ಹಾಕಿ, ಹೆಸರು ಬರೆಯಿರಿ. ನಾವು ಹೀಗೆ ಹಾಕೋಣ:

ಐ1: ಎಡ ಶಾಖೆಯಲ್ಲಿ ಮೇಲಕ್ಕೆ, ಅಂದರೆ ‘ಅ’ದ ಕಡೆಗೆ.
ಐ2: ಬಲ ಶಾಖೆಯಲ್ಲಿ ಮೇಲಕ್ಕೆ, ಇದೂ ‘ಅ’ದ ಕಡೆಗೆ.
ಐ3: ನಡು ಶಾಖೆಯಲ್ಲಿ ಕೆಳಕ್ಕೆ.

ನಿಜವಾದ ಕರೆಂಟ್ ಯಾವ ಕಡೆ ಹರಿಯುತ್ತದೆ ಎಂದು ಈಗ ಯೋಚಿಸಬೇಡಿ. ಬಾಣ ಒಂದು ಊಹೆಯೂ ಅಲ್ಲ. ಅದು ಅಳತೆಗೆ ನಾವು ಇಟ್ಟುಕೊಂಡ ದಿಕ್ಕು, ಅಷ್ಟೇ. ಥರ್ಮಾಮೀಟರಿನಲ್ಲಿ ಸೊನ್ನೆಯಿಂದ ಮೇಲಕ್ಕೆ ಪ್ಲಸ್ ಎಂದು ಇಟ್ಟುಕೊಂಡಂತೆ. ಚಳಿ ಇದ್ದರೆ ಮೈನಸ್ ತೋರಿಸುತ್ತದೆ, ಥರ್ಮಾಮೀಟರನ್ನು ತಲೆಕೆಳಗು ಮಾಡಿ ಹಿಡಿಯುವುದಿಲ್ಲವಲ್ಲ.

ಅನುಭವ ಇದ್ದವರೂ ತಪ್ಪುವುದು ಇಲ್ಲಿ. ಅರ್ಧ ಲೆಕ್ಕ ಆದ ಮೇಲೆ ‘ಅಯ್ಯೋ, ಇದು ಆ ಕಡೆ ಹರಿಯಬೇಕಿತ್ತು’ ಅನಿಸುತ್ತದೆ. ಒಂದು ಬಾಣವನ್ನು ಅಳಿಸಿ ತಿರುಗಿಸುತ್ತಾರೆ. ಆದರೆ ಮೊದಲು ಬರೆದ ಸಮೀಕರಣ ಹಳೆಯ ಬಾಣದ್ದು, ಮುಂದೆ ಬರೆಯುವುದು ಹೊಸ ಬಾಣದ್ದು. ಅಲ್ಲಿಂದ ಮುಂದೆ ಬರುವ ಯಾವ ಅಂಕಿಯನ್ನೂ ನಂಬುವ ಹಾಗಿಲ್ಲ. ಬಾಣಗಳನ್ನು ಪೆನ್ನಿನಲ್ಲೇ ಹಾಕಿ. ಅಳಿಸುವ ಆಸೆ ಬರುವುದಿಲ್ಲ.

ಮೂರನೇ ಹೆಜ್ಜೆ: ಎರಡು ನಿಯಮ

ಓಮ್ ತಮ್ಮ ನಿಯಮವನ್ನು 1827ರಲ್ಲಿ ಪ್ರಕಟಿಸಿದರು. ಅದು ಒಂದು ರೋಧಕದ ಮಾತು. ಕವಲುಗಳಿರುವ ಇಡೀ ಸರ್ಕಿಟ್‌ಗೆ ನಿಯಮ ಕೊಟ್ಟವರು ಗುಸ್ತಾವ್ ಕಿರ್ಚಾಫ್, 1845ರಲ್ಲಿ. ಆಗ ಅವರು ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿ, ವಯಸ್ಸು 21. ಆ ವಯಸ್ಸಿನ ಹುಡುಗ ಬರೆದ ಎರಡು ಸಾಲಿನ ಮೇಲೆ ಇವತ್ತಿಗೂ ಎಲ್ಲ ಸರ್ಕಿಟ್ ಲೆಕ್ಕವೂ ನಿಂತಿದೆ. ಇದು ನನಗೆ ಪ್ರತಿ ಸಲವೂ ಖುಷಿ ಕೊಡುವ ಸಂಗತಿ.

ಮೊದಲ ನಿಯಮ ಕರೆಂಟಿನದು. ಒಂದು ನೋಡ್‌ಗೆ ಬಂದಷ್ಟೇ ಕರೆಂಟ್ ಹೊರಗೂ ಹೋಗುತ್ತದೆ. ನೋಡ್ ಅಂದರೆ ಬರೀ ತಂತಿ. ಅಲ್ಲಿ ವಿದ್ಯುದಾವೇಶ ಕೂಡಿಡಲು ಜಾಗ ಇಲ್ಲ.

ಎರಡನೆಯದು ವೋಲ್ಟೇಜಿನದು. ಯಾವುದೇ ಲೂಪ್‌ನಲ್ಲಿ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ, ಏರಿದ್ದು ಇಳಿದಿದ್ದು ಎಲ್ಲ ಕೂಡಿ ಸೊನ್ನೆ. ಬೆಟ್ಟದಲ್ಲಿ ಹೇಗೆ ಸುತ್ತಾಡಿದರೂ ಹೊರಟ ಜಾಗಕ್ಕೆ ಮರಳಿದಾಗ ಎತ್ತರ ಮೊದಲಿನಷ್ಟೇ ಇರುತ್ತದಲ್ಲ, ಹಾಗೆ.

ಲೂಪ್‌ನಲ್ಲಿ ನಡೆಯುವಾಗ ಚಿಹ್ನೆ ಹಾಕುವುದು ಹೀಗೆ. ರೋಧಕವನ್ನು ಬಾಣದ ದಿಕ್ಕಿನಲ್ಲೇ ದಾಟಿದರೆ ವೋಲ್ಟೇಜ್ ಇಳಿಯುತ್ತದೆ, ಮೈನಸ್. ಬಾಣಕ್ಕೆ ಎದುರಾಗಿ ದಾಟಿದರೆ ಪ್ಲಸ್. ಬ್ಯಾಟರಿಯನ್ನು ಮೈನಸ್ ಕಡೆಯಿಂದ ಹೊಕ್ಕು ಪ್ಲಸ್ ಕಡೆ ಹೊರಬಂದರೆ ಏರಿಕೆ, ಪ್ಲಸ್. ತಿರುಗುಮುರುಗಾದರೆ ಮೈನಸ್. ಗಮನಿಸಿ: ಬ್ಯಾಟರಿಯ ಚಿಹ್ನೆಗೂ ಕರೆಂಟಿನ ಬಾಣಕ್ಕೂ ಸಂಬಂಧವೇ ಇಲ್ಲ. ನೀವು ಯಾವ ಕಡೆಯಿಂದ ನಡೆದು ಹೋದಿರಿ ಅನ್ನೋದು ಮಾತ್ರ ಮುಖ್ಯ.

ನಾಲ್ಕನೇ ಹೆಜ್ಜೆ: ಬರೆಯಿರಿ, ಬಿಡಿಸಿ

‘ಅ’ ನೋಡ್‌ನಲ್ಲಿ ಒಳಗೆ ಬರುವುದು ಐ1, ಐ2. ಹೊರಗೆ ಹೋಗುವುದು ಐ3.

ಐ1 + ಐ2 = ಐ3

ಎಡ ಲೂಪ್. ‘ಬ’ದಿಂದ ಹೊರಟು ಎಡ ಶಾಖೆಯಲ್ಲಿ ಮೇಲಕ್ಕೆ ಹೋಗಿ, ನಡುವಿನಲ್ಲಿ ಇಳಿದು ಬನ್ನಿ. ಬ್ಯಾಟರಿಯಲ್ಲಿ 21 ಏರಿದಿರಿ. 3 ಓಮ್ ಅನ್ನು ಬಾಣದ ಜೊತೆಗೇ ದಾಟಿದಿರಿ, 6 ಓಮ್ ಅನ್ನೂ ಹಾಗೇ.

21 − 3×ಐ1 − 6×ಐ3 = 0

ಬಲ ಲೂಪ್. ‘ಬ’ದಿಂದ ಬಲ ಶಾಖೆಯಲ್ಲಿ ಹತ್ತಿ, ನಡುವಿನಲ್ಲಿ ಇಳಿಯಿರಿ.

10 − 2×ಐ2 − 6×ಐ3 = 0

ಈಗ ಎರಡರಲ್ಲೂ ಐ3 ಇರುವಲ್ಲಿ (ಐ1 + ಐ2) ಹಾಕಿ. ಮೊದಲನೆಯದು 9×ಐ1 + 6×ಐ2 = 21 ಆಗುತ್ತದೆ. 3ರಿಂದ ಭಾಗಿಸಿ:

3×ಐ1 + 2×ಐ2 = 7

ಎರಡನೆಯದು 6×ಐ1 + 8×ಐ2 = 10. 2ರಿಂದ ಭಾಗಿಸಿ:

3×ಐ1 + 4×ಐ2 = 5

ಕೆಳಗಿನದರಿಂದ ಮೇಲಿನದನ್ನು ಕಳೆಯಿರಿ. 2×ಐ2 = −2. ಹಾಗಾದರೆ ಐ2 = −1 ಆಂಪಿಯರ್. ಅದನ್ನು ಮೇಲಿನದರಲ್ಲಿ ಹಾಕಿದರೆ 3×ಐ1 = 9, ಐ1 = 3 ಆಂಪಿಯರ್. ಐ3 = 3 − 1 = 2 ಆಂಪಿಯರ್.

ಆ ಮೈನಸ್ ಒಂದು

ಇಲ್ಲಿ ಸ್ವಲ್ಪ ನಿಲ್ಲೋಣ. ಐ2 ಮೈನಸ್ ಬಂದಿದೆ. ಲೆಕ್ಕ ತಪ್ಪಿದೆ ಎಂದು ಪೇಪರ್ ಹರಿದು ಹಾಕಿದವರನ್ನು ನೋಡಿದ್ದೇನೆ. ತಪ್ಪಿಲ್ಲ. ಸರ್ಕಿಟ್ ನಮಗೆ ಒಂದು ಸುದ್ದಿ ಹೇಳುತ್ತಿದೆ: ಬಲ ಶಾಖೆಯಲ್ಲಿ ಕರೆಂಟ್ ನಿಮ್ಮ ಬಾಣಕ್ಕೆ ಎದುರಾಗಿ, ಅಂದರೆ ಕೆಳಕ್ಕೆ ಹರಿಯುತ್ತಿದೆ. 1 ಆಂಪಿಯರ್ 10 ವೋಲ್ಟ್ ಬ್ಯಾಟರಿಯ ಪ್ಲಸ್ ಕಡೆಯಿಂದ ಒಳಗೆ ಹೋಗುತ್ತಿದೆ. 21 ವೋಲ್ಟ್ ಬ್ಯಾಟರಿ ಇದನ್ನು ಚಾರ್ಜ್ ಮಾಡುತ್ತಿದೆ.

ಯಾಕೆ ಹೀಗೆ? ‘ಅ’ದ ವೋಲ್ಟೇಜ್ ‘ಬ’ಕ್ಕಿಂತ ಎಷ್ಟು ಹೆಚ್ಚಿದೆ ನೋಡಿ. 6 ಓಮ್‌ನಲ್ಲಿ 2 ಆಂಪಿಯರ್, ಅಂದರೆ 12 ವೋಲ್ಟ್. ಬಲಗಡೆ ಬ್ಯಾಟರಿ ಇರುವುದು 10 ವೋಲ್ಟ್. 12 ಇರುವ ಕಡೆಯಿಂದ 10 ಇರುವ ಕಡೆಗೆ ಕರೆಂಟ್ ಇಳಿಯಲೇಬೇಕು. ನಡುವೆ 2 ಓಮ್ ಇದೆ, 2 ವೋಲ್ಟ್ ವ್ಯತ್ಯಾಸ, 1 ಆಂಪಿಯರ್. ಎಲ್ಲ ತಾಳೆಯಾಯಿತು.

ಮೈನಸ್ ಬಂದ ಮೇಲೆ ಬಾಣ ತಿರುಗಿಸಬೇಕಾ? ಲೆಕ್ಕದ ಒಳಗೆ ಬೇಡ. ಮುಂದೆ ಎಲ್ಲೇ ಐ2 ಬಂದರೂ −1 ಎಂದೇ ಹಾಕಿ. ಕೊನೆಯ ಉತ್ತರ ಬರೆಯುವಾಗ ಮಾತ್ರ ‘1 ಆಂಪಿಯರ್, ಕೆಳಮುಖವಾಗಿ’ ಎಂದು ಹೇಳಿ.

ಐದನೇ ಹೆಜ್ಜೆ: ತಾಳೆ ನೋಡಿ

ಎರಡು ರೀತಿ ತಾಳೆ ನೋಡಬಹುದು. ಒಂದು, ಇದುವರೆಗೆ ಬಳಸದ ಲೂಪ್ ಹಿಡಿಯುವುದು. ನಮ್ಮದರಲ್ಲಿ ಹೊರಗಿನ ದೊಡ್ಡ ಸುತ್ತು ಉಳಿದಿದೆ. ಎಡದಲ್ಲಿ ಹತ್ತಿ ಬಲದಲ್ಲಿ ಇಳಿಯಿರಿ. 21 ಏರಿಕೆ. 3 ಓಮ್‌ನಲ್ಲಿ 9 ಇಳಿಕೆ. 2 ಓಮ್ ಅನ್ನು ಐ2ರ ಬಾಣಕ್ಕೆ ಎದುರಾಗಿ ದಾಟುತ್ತೀರಿ, ಆದ್ದರಿಂದ + 2×ಐ2, ಅಂದರೆ −2. ಆಮೇಲೆ ಬ್ಯಾಟರಿಯನ್ನು ಪ್ಲಸ್‌ನಿಂದ ಮೈನಸ್‌ಗೆ, −10. ಒಟ್ಟು 21 − 9 − 2 − 10 = 0. ಸರಿ ಇದೆ.

ಇನ್ನೊಂದು ಪವರ್ ಲೆಕ್ಕ, ಪವರ್ ಅಂದರೆ ವೋಲ್ಟೇಜ್ × ಕರೆಂಟ್. ಇದು ನನ್ನ ಮೆಚ್ಚಿನದು, ಯಾಕೆಂದರೆ ಸಮೀಕರಣ ಬರೆಯುವಾಗ ಮಾಡಿದ ತಪ್ಪನ್ನೂ ಇದು ಸಾಮಾನ್ಯವಾಗಿ ಹಿಡಿಯುತ್ತದೆ. 21 ವೋಲ್ಟ್ ಬ್ಯಾಟರಿ ಕೊಟ್ಟಿದ್ದು 21 × 3 = 63 ವ್ಯಾಟ್. ರೋಧಕಗಳಲ್ಲಿ ಬಿಸಿಯಾಗಿ ಹೋಗಿದ್ದು: 3 ಓಮ್‌ನಲ್ಲಿ 27, 2 ಓಮ್‌ನಲ್ಲಿ 2, 6 ಓಮ್‌ನಲ್ಲಿ 24. ಒಟ್ಟು 53. ಉಳಿದ 10 ವ್ಯಾಟ್ ಎಲ್ಲಿ? ಚಾರ್ಜ್ ಆಗುತ್ತಿರುವ 10 ವೋಲ್ಟ್ ಬ್ಯಾಟರಿಯೊಳಗೆ, 10 × 1. ಕೊಟ್ಟಿದ್ದು 63, ತಗೊಂಡಿದ್ದು 63.

ಕಡಿಮೆ ಬರವಣಿಗೆಯ ದಾರಿ: ನೋಡ್ ವೋಲ್ಟೇಜ್

ಮೇಲಿನ ವಿಧಾನ ಅರ್ಥ ಮಾಡಿಕೊಳ್ಳಲು ಒಳ್ಳೆಯದು. ಆದರೆ ಏಳೆಂಟು ಶಾಖೆ ಬಂದರೆ ಏಳೆಂಟು ಸಮೀಕರಣ ಬರೆಯಬೇಕು, ಅಷ್ಟರಲ್ಲಿ ಎಲ್ಲಾದರೂ ಕೈ ತಪ್ಪುತ್ತದೆ. ನಾನು ದಿನನಿತ್ಯ ಬಳಸುವುದು ನೋಡ್ ವೋಲ್ಟೇಜ್ ವಿಧಾನ. ಒಂದೇ ಒಂದು ವಿಧಾನ ಗಟ್ಟಿಯಾಗಿ ಕಲಿಯಬೇಕು ಅಂದರೆ ಇದನ್ನೇ ಕಲಿಯಿರಿ ಎನ್ನುತ್ತೇನೆ.

ಒಂದು ನೋಡ್ ಅನ್ನು ಸೊನ್ನೆ ವೋಲ್ಟ್ ಎಂದು ಇಟ್ಟುಕೊಳ್ಳಿ. ಅದು ಗ್ರೌಂಡ್. ಅತಿ ಹೆಚ್ಚು ಶಾಖೆ ಸೇರುವ ನೋಡ್ ಆರಿಸಿದರೆ ಬರೆಯುವುದು ಕಡಿಮೆ. ಮಿಕ್ಕ ನೋಡ್‌ಗಳ ವೋಲ್ಟೇಜ್ ಮಾತ್ರ ಗೊತ್ತಿಲ್ಲದ ಅಂಕಿಗಳು. ಪ್ರತಿ ನೋಡ್‌ನಲ್ಲೂ ಹೊರಗೆ ಹೋಗುವ ಕರೆಂಟ್‌ಗಳನ್ನೆಲ್ಲ ಕೂಡಿಸಿ ಸೊನ್ನೆ ಎನ್ನಿ. ಒಂದು ರೋಧಕದ ಮೂಲಕ ಹೊರಗೆ ಹೋಗುವ ಕರೆಂಟ್ ಯಾವಾಗಲೂ ಹೀಗೇ:

(ಈ ನೋಡ್‌ನ ವೋಲ್ಟೇಜ್ − ರೋಧಕದ ಆಚೆ ತುದಿಯ ವೋಲ್ಟೇಜ್) ÷ ರೋಧ

ಈ ಕ್ರಮ ಬದಲಿಸಬೇಡಿ. ‘ಈ ನೋಡ್’ ಯಾವಾಗಲೂ ಮೊದಲು. ಬಾಣದ ಗೊಂದಲವೇ ಇಲ್ಲ, ಎಲ್ಲ ಬಾಣವೂ ಹೊರಗೆ.

ನಮ್ಮ ಸರ್ಕಿಟ್‌ನಲ್ಲಿ ‘ಬ’ ಗ್ರೌಂಡ್, ‘ಅ’ದ ವೋಲ್ಟೇಜ್ ವಿ. ಎಡ ರೋಧಕದ ಆಚೆ ತುದಿ 21 ವೋಲ್ಟ್‌ನಲ್ಲಿದೆ, ಬಲದ್ದು 10ರಲ್ಲಿ, ನಡುವಿನದು ಸೊನ್ನೆಯಲ್ಲಿ.

(ವಿ − 21) ÷ 3 + (ವಿ − 10) ÷ 2 + ವಿ ÷ 6 = 0

6ರಿಂದ ಗುಣಿಸಿ: 2ವಿ − 42 + 3ವಿ − 30 + ವಿ = 0. ಅಂದರೆ 6ವಿ = 72, ವಿ = 12. ಮೂರು ಸಮೀಕರಣದ ಕೆಲಸ ಒಂದರಲ್ಲೇ ಮುಗಿಯಿತು. ಎಡ ಶಾಖೆಯಲ್ಲಿ (21 − 12) ÷ 3 = 3 ಆಂಪಿಯರ್, ಹೀಗೆ ಉಳಿದವು.

ಸ್ವಲ್ಪ ದೊಡ್ಡ ಸರ್ಕಿಟ್, ಜೊತೆಗೆ ಕರೆಂಟ್ ಸೋರ್ಸ್

ಈಗ ಎರಡು ನೋಡ್ ಮತ್ತು ಗ್ರೌಂಡ್ ಇರುವ ಸರ್ಕಿಟ್. ಗ್ರೌಂಡ್‌ನಿಂದ 20 ವೋಲ್ಟ್ ಬ್ಯಾಟರಿ, ಅದರ ಪ್ಲಸ್‌ನಿಂದ 2 ಓಮ್ ರೋಧಕ ‘ಅ’ಕ್ಕೆ. ‘ಅ’ದಿಂದ ಗ್ರೌಂಡ್‌ಗೆ 4 ಓಮ್. ‘ಅ’ದಿಂದ ‘ಬ’ಕ್ಕೆ 2 ಓಮ್. ‘ಬ’ದಿಂದ ಗ್ರೌಂಡ್‌ಗೆ 5 ಓಮ್. ಇದರ ಜೊತೆ ‘ಬ’ದೊಳಕ್ಕೆ 1 ಆಂಪಿಯರ್ ತಳ್ಳುವ ಕರೆಂಟ್ ಸೋರ್ಸ್, ಅಂದರೆ ವೋಲ್ಟೇಜ್ ಎಷ್ಟೇ ಇದ್ದರೂ ಅಷ್ಟೇ ಕರೆಂಟ್ ಕೊಡುವ ಸಾಧನ. ಇಲ್ಲಿ ‘ಬ’ ಗ್ರೌಂಡ್ ಅಲ್ಲ, ಇನ್ನೊಂದು ನೋಡ್. ‘ಅ’ದ ವೋಲ್ಟೇಜ್ ವಿ1, ‘ಬ’ದ್ದು ವಿ2.

‘ಅ’ದಲ್ಲಿ:

(ವಿ1 − 20) ÷ 2 + ವಿ1 ÷ 4 + (ವಿ1 − ವಿ2) ÷ 2 = 0

‘ಬ’ದಲ್ಲಿ ಸೋರ್ಸ್ 1 ಆಂಪಿಯರ್ ಒಳಗೆ ತರುತ್ತಿದೆ, ನಾವು ಹೊರಗೆ ಹೋಗುವುದನ್ನು ಕೂಡಿಸುತ್ತಿದ್ದೇವೆ. ಅದಕ್ಕೆ ಮೈನಸ್ 1:

(ವಿ2 − ವಿ1) ÷ 2 + ವಿ2 ÷ 5 − 1 = 0

ಮೊದಲನೆಯದನ್ನು 4ರಿಂದ, ಎರಡನೆಯದನ್ನು 10ರಿಂದ ಗುಣಿಸಿದರೆ:

5ವಿ1 − 2ವಿ2 = 40
−5ವಿ1 + 7ವಿ2 = 10

ಎರಡನ್ನೂ ಕೂಡಿಸಿ. 5ವಿ2 = 50. ವಿ2 = 10 ವೋಲ್ಟ್, ವಿ1 = 12 ವೋಲ್ಟ್.

ಶಾಖೆಗಳ ಕರೆಂಟ್ ಈಗ ಸುಮ್ನೆ ಬರೆಯುತ್ತಾ ಹೋಗುವುದು. ಬ್ಯಾಟರಿಯಿಂದ ‘ಅ’ಕ್ಕೆ 4 ಆಂಪಿಯರ್. ಅದರಲ್ಲಿ 3 ಆಂಪಿಯರ್ 4 ಓಮ್‌ನಲ್ಲಿ ಇಳಿಯುತ್ತದೆ, 1 ಆಂಪಿಯರ್ ‘ಬ’ಕ್ಕೆ ಹೋಗುತ್ತದೆ. ‘ಬ’ದಲ್ಲಿ ಆ 1, ಸೋರ್ಸ್‌ನ 1, ಎರಡೂ ಸೇರಿ 2 ಆಂಪಿಯರ್ 5 ಓಮ್‌ನಲ್ಲಿ ಇಳಿಯುತ್ತದೆ. ಪವರ್ ತಾಳೆ: ಬ್ಯಾಟರಿ 80 ವ್ಯಾಟ್, ಕರೆಂಟ್ ಸೋರ್ಸ್ 10 × 1 = 10 ವ್ಯಾಟ್, ಒಟ್ಟು 90. ರೋಧಕಗಳಲ್ಲಿ 32 + 36 + 2 + 20 = 90.

ಗುಣಿಸುವ ಮೊದಲೇ ಒಂದು ಗುರುತು ನೋಡಬಹುದು. ‘ಅ’ದ ಸಮೀಕರಣದಲ್ಲಿ ವಿ2ರ ಗುಣಕ −1/2. ‘ಬ’ದ ಸಮೀಕರಣದಲ್ಲಿ ವಿ1ರ ಗುಣಕವೂ −1/2. ರೋಧಕಗಳು ಮತ್ತು ಮಾಮೂಲಿ ಸೋರ್ಸ್‌ಗಳು ಮಾತ್ರ ಇದ್ದರೆ ಇವೆರಡೂ ಒಂದೇ ಇರಬೇಕು, ಮೈನಸ್ಸೇ ಇರಬೇಕು. ಇರದಿದ್ದರೆ ಮುಂದೆ ಹೋಗಬೇಡಿ, ಸಮೀಕರಣ ತಪ್ಪಿದೆ.

ಮೂರಕ್ಕಿಂತ ಹೆಚ್ಚು ನೋಡ್ ಬಂದರೆ ಕೈಯಲ್ಲಿ ಬಿಡಿಸುವ ಹಟ ಬೇಡ. ಸಮೀಕರಣ ನೀವು ಬರೆಯಿರಿ, ಬಿಡಿಸಲು ಕ್ಯಾಲ್ಕುಲೇಟರಿಗೆ ಕೊಡಿ. 1973ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಹೊರಬಂದ, ಸರ್ಕಿಟ್‌ಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಸ್ಪೈಸ್ ಪ್ರೋಗ್ರಾಂ ಕೂಡ ಒಳಗೆ ಮಾಡುವುದು ಇದೇ ನೋಡ್ ಲೆಕ್ಕವನ್ನೇ.

ಎರಡು ನೋಡ್‌ಗಳ ನಡುವೆ ಬರೀ ಬ್ಯಾಟರಿ ಇದ್ದರೆ?

ಇಲ್ಲಿ ಸುಮಾರು ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಮೇಲಿನ ಸರ್ಕಿಟ್‌ನಲ್ಲಿ ‘ಅ’ ಮತ್ತು ‘ಬ’ ನಡುವಿನ 2 ಓಮ್ ತೆಗೆದು 2 ವೋಲ್ಟ್ ಬ್ಯಾಟರಿ ಹಾಕಿ, ಪ್ಲಸ್ ‘ಅ’ದ ಕಡೆಗೆ. ಈಗ ಆ ಶಾಖೆಯ ಕರೆಂಟ್ ಎಷ್ಟು? ಓಮ್ ನಿಯಮ ಹಾಕಲು ಅಲ್ಲಿ ರೋಧವೇ ಇಲ್ಲ.

ಉಪಾಯ ಇದೆ. ‘ಅ’, ‘ಬ’, ನಡುವಿನ ಬ್ಯಾಟರಿ ಎಲ್ಲವನ್ನೂ ಸುತ್ತಿ ಒಂದು ದೊಡ್ಡ ವೃತ್ತ ಹಾಕಿ. ಇದು ಸೂಪರ್‌ನೋಡ್. ವೃತ್ತದಿಂದ ಹೊರಗೆ ಹೋಗುವುದನ್ನೆಲ್ಲ ಕೂಡಿಸಿ ಸೊನ್ನೆ ಎನ್ನಿ. ಬ್ಯಾಟರಿಯ ಕರೆಂಟ್ ವೃತ್ತದ ಒಳಗೇ ಉಳಿಯುವುದರಿಂದ ಅದು ಸಮೀಕರಣಕ್ಕೆ ಬರುವುದೇ ಇಲ್ಲ.

(ವಿ1 − 20) ÷ 2 + ವಿ1 ÷ 4 + ವಿ2 ÷ 5 − 1 = 0

ಇನ್ನೊಂದು ಸಮೀಕರಣವನ್ನು ಬ್ಯಾಟರಿಯೇ ಕೊಡುತ್ತದೆ: ವಿ1 − ವಿ2 = 2. ಮೊದಲನೆಯದನ್ನು 20ರಿಂದ ಗುಣಿಸಿದರೆ 15ವಿ1 + 4ವಿ2 = 220. ಬಿಡಿಸಿದರೆ 19ವಿ1 = 228, ವಿ1 = 12, ವಿ2 = 10. ಬ್ಯಾಟರಿಯ ಕರೆಂಟ್ ಬೇಕಾದರೆ ಕೊನೆಯಲ್ಲಿ ‘ಅ’ಕ್ಕೆ ಮರಳಿ: 4 ಬಂತು, 3 ಇಳಿಯಿತು, ಉಳಿದ 1 ಆಂಪಿಯರ್ ಬ್ಯಾಟರಿಯಲ್ಲಿ.

ಉತ್ತರ ಹಿಂದಿನದ್ದೇ ಬಂದಿದ್ದು ಆಕಸ್ಮಿಕ ಅಲ್ಲ. ಹಿಂದೆ ಆ 2 ಓಮ್‌ನ ಎರಡು ತುದಿಗಳ ನಡುವೆ 2 ವೋಲ್ಟೇ ಇತ್ತು. ಅಲ್ಲಿ ರೋಧಕ ಇದೆಯೋ 2 ವೋಲ್ಟ್ ಬ್ಯಾಟರಿ ಇದೆಯೋ ಮಿಕ್ಕ ಸರ್ಕಿಟ್‌ಗೆ ಗೊತ್ತಾಗುವುದಿಲ್ಲ.

ಮೆಶ್ ವಿಧಾನ

ಮೆಶ್ ಅಂದರೆ ಒಳಗೆ ಬೇರೆ ಲೂಪ್ ಇಲ್ಲದ ಕಿಟಕಿ. ಪ್ರತಿ ಕಿಟಕಿಯಲ್ಲೂ ಗಡಿಯಾರದ ದಿಕ್ಕಿನಲ್ಲಿ ಒಂದು ಕರೆಂಟ್ ಸುತ್ತುತ್ತಿದೆ ಎಂದುಕೊಳ್ಳಿ. ಮೊದಲ ಸರ್ಕಿಟ್‌ನ ಎಡ ಕಿಟಕಿಗೆ ಎಂ1, ಬಲಕ್ಕೆ ಎಂ2. ನಡುವಿನ 6 ಓಮ್‌ನಲ್ಲಿ ಎರಡೂ ಎದುರುಬದುರು ಹರಿಯುತ್ತವೆ, ಅಲ್ಲಿ ಎಂ1 − ಎಂ2.

3×ಎಂ1 + 6×(ಎಂ1 − ಎಂ2) = 21
2×ಎಂ2 + 6×(ಎಂ2 − ಎಂ1) = −10

ಎಂ1 = 3, ಎಂ2 = 1 ಬರುತ್ತದೆ. ಎಂ2 ಬಲ ಶಾಖೆಯಲ್ಲಿ ಕೆಳಮುಖ, ಹಾಗಾಗಿ ಐ2 = −1. ಒಂದು ಗೆರೆಯನ್ನು ಇನ್ನೊಂದು ದಾಟದಂತೆ ಬರೆಯಲು ಬರುವ ಸರ್ಕಿಟ್‌ಗೆ ಮಾತ್ರ ಇದು ಒಪ್ಪುತ್ತದೆ. ಕಿಟಕಿ ಕಡಿಮೆ ಇದ್ದು ನೋಡ್ ಜಾಸ್ತಿ ಇದ್ದರೆ ಇದನ್ನು ಹಿಡಿಯಿರಿ, ಇಲ್ಲವಾದರೆ ನೋಡ್ ವಿಧಾನವೇ ಮೇಲು.

ಒಂದೊಂದೇ ಸೋರ್ಸ್ ಇಟ್ಟು ನೋಡುವುದು

ಸೂಪರ್‌ಪೊಸಿಷನ್ ವೇಗದ ದಾರಿ ಅಲ್ಲ. ಆದರೆ ಯಾವ ಬ್ಯಾಟರಿಯಿಂದ ಎಷ್ಟು ಬಂತು ಅನ್ನೋದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯದಿಲ್ಲ. ಒಂದು ಸೋರ್ಸ್ ಉಳಿಸಿ ಮಿಕ್ಕವನ್ನು ಆಫ್ ಮಾಡಿ. ವೋಲ್ಟೇಜ್ ಸೋರ್ಸ್ (ಬ್ಯಾಟರಿಯಂಥದ್ದು) ಆಫ್ ಮಾಡುವುದು ಅಂದರೆ ಅದರ ಜಾಗದಲ್ಲಿ ಬರೀ ತಂತಿ ಹಾಕುವುದು. ಕರೆಂಟ್ ಸೋರ್ಸ್ ಆಫ್ ಮಾಡುವುದು ಅಂದರೆ ಅಲ್ಲಿ ತಂತಿ ಕತ್ತರಿಸುವುದು. ಇದು ಪೇಪರಿನ ಮೇಲೆ ಮಾತ್ರ. ನಿಜವಾದ ಬ್ಯಾಟರಿಗೆ ತಂತಿ ಅಡ್ಡ ಹಾಕಬೇಡಿ, ಬೆಂಕಿ ಹತ್ತಬಹುದು.

ಮತ್ತೆ ಮೊದಲ ಸರ್ಕಿಟ್‌ಗೇ ಬನ್ನಿ. 21 ವೋಲ್ಟ್ ಒಂದೇ ಇದ್ದಾಗ: 6 ಓಮ್ ಮತ್ತು 2 ಓಮ್ ಈಗ ನಿಜಕ್ಕೂ ಸಮಾಂತರ, 1.5 ಓಮ್. ‘ಅ’ದ ವೋಲ್ಟೇಜ್ 21 × 1.5 ÷ 4.5 = 7. 10 ವೋಲ್ಟ್ ಒಂದೇ ಇದ್ದಾಗ: 3 ಮತ್ತು 6 ಸೇರಿ 2 ಓಮ್, ‘ಅ’ದಲ್ಲಿ 5 ವೋಲ್ಟ್. ಎರಡೂ ಕೂಡಿದರೆ 12.

ಬಲ ಶಾಖೆಯನ್ನು ನೋಡಿ. ತನ್ನ ಸ್ವಂತ ಬ್ಯಾಟರಿಯಿಂದ ಮೇಲಕ್ಕೆ 2.5 ಆಂಪಿಯರ್. ಎಡಗಡೆ ಬ್ಯಾಟರಿ ಕೆಳಕ್ಕೆ ತಳ್ಳುವುದು 3.5 ಆಂಪಿಯರ್. ಆ ಮೈನಸ್ ಒಂದು ಎಲ್ಲಿಂದ ಬಂತು ಎಂದು ಈಗ ಕಣ್ಣಿಗೇ ಕಾಣುತ್ತದೆ.

ಕೂಡಿಸಲು ಬರುವುದು ಕರೆಂಟ್, ವೋಲ್ಟೇಜ್ ಮಾತ್ರ. ಪವರ್ ಹಾಗೆ ಕೂಡಿಸಬೇಡಿ. 6 ಓಮ್‌ನಲ್ಲಿ ಬೇರೆಬೇರೆಯಾಗಿ ಲೆಕ್ಕ ಹಾಕಿದ ಪವರ್ ಕೂಡಿಸಿದರೆ ಸುಮಾರು 12.3 ವ್ಯಾಟ್ ಬರುತ್ತದೆ. ನಿಜವಾದದ್ದು 24.

ಮೇಜಿನ ಮೇಲೆ ಕಟ್ಟಿ ಅಳೆಯಿರಿ

ಪೇಪರಿನ ಉತ್ತರವನ್ನು ಮೀಟರಿನಲ್ಲಿ ಕಾಣುವುದು ಬೇರೆಯೇ ಸಂತೋಷ. ಆದರೆ ಓಮ್‌ಗಳಲ್ಲಿ ಕಟ್ಟಬೇಡಿ. ಮಾಮೂಲಿ ಕಾಲು ವ್ಯಾಟ್ ರೋಧಕ 24 ವ್ಯಾಟ್ ತಡೆಯುವುದಿಲ್ಲ, ಕ್ಷಣದಲ್ಲಿ ಹೊಗೆ. ಎಲ್ಲವನ್ನೂ ಸಾವಿರ ಪಟ್ಟು ಮಾಡಿ: 3 ಕಿಲೋಓಮ್, 2 ಕಿಲೋಓಮ್, 6 ಕಿಲೋಓಮ್. ವೋಲ್ಟೇಜ್ ಏನೂ ಬದಲಾಗುವುದಿಲ್ಲ, ಆಂಪಿಯರ್ ಇದ್ದಲ್ಲಿ ಮಿಲಿಆಂಪಿಯರ್ ಆಗುತ್ತದೆ. 6 ಕಿಲೋಓಮ್ ಬೇಕಾದರೆ ಎರಡು 3 ಕಿಲೋಓಮ್ ಅನ್ನು ಸರಣಿಯಲ್ಲಿ ಹಾಕಿ.

ಕರೆಂಟ್ ಅಳೆಯಲು ಸರ್ಕಿಟ್ ಬಿಚ್ಚಿ ಮೀಟರ್ ಸೇರಿಸಬೇಕಿಲ್ಲ. ಮೀಟರನ್ನು ವೋಲ್ಟ್‌ನಲ್ಲೇ ಇಟ್ಟು ರೋಧಕದ ಎರಡು ತುದಿಗೆ ಹಿಡಿಯಿರಿ, ಬಂದಿದ್ದನ್ನು ರೋಧದಿಂದ ಭಾಗಿಸಿ. ಕೆಂಪು ಕಡ್ಡಿಯನ್ನು ನಿಮ್ಮ ಬಾಣದ ಬಾಲಕ್ಕೆ, ಕಪ್ಪು ಕಡ್ಡಿಯನ್ನು ಬಾಣದ ತಲೆಗೆ ಹಿಡಿದರೆ ಮೀಟರ್ ತೋರಿಸುವ ಚಿಹ್ನೆಯೇ ನಿಮ್ಮ ಉತ್ತರದ ಚಿಹ್ನೆ. 2 ಕಿಲೋಓಮ್‌ನ ಮೇಲೆ ಮೈನಸ್ 2 ವೋಲ್ಟ್ ಹತ್ತಿರ ಕಾಣಬೇಕು.

ಕಾಣಬೇಕು, ಆದರೆ ನಾನು ಮೊದಲ ಸಲ ಇಂಥದ್ದನ್ನು ಕಟ್ಟಿದಾಗ ಕಾಣಲಿಲ್ಲ. ಬ್ಯಾಟರಿಗಳ ಬದಲು ಎರಡು ಬೆಂಚ್ ಪವರ್ ಸಪ್ಲೈ (ಬೇಕಾದ ವೋಲ್ಟೇಜಿಗೆ ಹೊಂದಿಸಬಹುದಾದ ಪೆಟ್ಟಿಗೆ) ಬಳಸಿದ್ದೆ. 2 ಕಿಲೋಓಮ್ ಮೇಲೆ ಸೊನ್ನೆ. ‘ಅ’ದಲ್ಲಿ 12 ಇರಬೇಕಾದ ಕಡೆ 14 ವೋಲ್ಟ್. ಒಂದು ಸಂಜೆಯೆಲ್ಲ ಸಮೀಕರಣಗಳನ್ನೇ ಮತ್ತೆ ಮತ್ತೆ ತಿದ್ದಿದೆ. ತಪ್ಪು ಸಮೀಕರಣದಲ್ಲಿರಲಿಲ್ಲ. ಮಾಮೂಲಿ ಪವರ್ ಸಪ್ಲೈ ಕರೆಂಟ್ ಕೊಡುತ್ತದೆ, ಒಳಗೆ ತೆಗೆದುಕೊಳ್ಳುವುದಿಲ್ಲ. ನಮ್ಮ ಸರ್ಕಿಟ್‌ನಲ್ಲಿ 10 ವೋಲ್ಟ್ ಸೋರ್ಸ್ 1 ಮಿಲಿಆಂಪಿಯರ್ ಒಳಗೆ ತೆಗೆದುಕೊಳ್ಳಬೇಕು. ಅದು ತೆಗೆದುಕೊಳ್ಳದಿದ್ದಾಗ ಆ ಶಾಖೆ ತೆರೆದ ತಂತಿ ಇದ್ದಂತೆ. ಆಗ ‘ಅ’ದಲ್ಲಿ 21 × 6 ÷ 9, ಸರಿಯಾಗಿ 14.

ಪರಿಹಾರ ಒಂದೇ ರೋಧಕ. 10 ವೋಲ್ಟ್ ಸಪ್ಲೈನ ಎರಡು ತುದಿಗೆ ನೇರವಾಗಿ 1 ಕಿಲೋಓಮ್ ಹಾಕಿ. ಅದು 10 ಮಿಲಿಆಂಪಿಯರ್ ಕುಡಿಯುತ್ತದೆ. ಅದರಲ್ಲಿ 1 ನಮ್ಮ ಸರ್ಕಿಟ್‌ನಿಂದ ಬರುತ್ತದೆ, 9 ಸಪ್ಲೈನಿಂದ. ಈಗ ಸಪ್ಲೈ ಕೊಡುವುದು ಮಾತ್ರ, ತೆಗೆದುಕೊಳ್ಳುವುದೇನೂ ಇಲ್ಲ. ರೋಧಕ ಹಾಕಿದ ಕೂಡಲೇ ಮೀಟರಿನಲ್ಲಿ 14 ಇದ್ದದ್ದು 12ರ ಹತ್ತಿರಕ್ಕೆ ಇಳಿಯಿತು. 2 ಕಿಲೋಓಮ್ ಮೇಲೆ ಸೊನ್ನೆಯ ಜಾಗದಲ್ಲಿ ಮೈನಸ್ 2 ಬಂತು.